ಬುಟ್ಟಿಯೊಳಗಿನ ಕೆಂಪು ಪುಡಿ

ಹದಿನೇಳು ವರ್ಷ "ಮುಂದ ಹೋಗ್ರಿ, ಮುಂದ ಹೋಗ್ರಿ" ಎಂದು ಜನರನ್ನು ದೂಡುತ್ತ ಬದುಕಿದವನು ನಾನು. ಬ್ಯಾಡಗಿಯಿಂದ ಕಾಗಿನೆಲೆ, ರಾಣೆಬೆನ್ನೂರಿನಿಂದ ಕುಮಾರಪಟ್ಟಣ, ಹೀಗೆ ದಿನವಿಡೀ ನಿಂತೇ ಓಡಾಡುವ ಬಸ್ ಕಂಡಕ್ಟರ್. ಓಡುವ ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರೆ ಹೇಳಿಕೊಳ್ಳಲು ಸ್ವಲ್ಪ ಮರ್ಯಾದೆಯಾದರೂ ಇರುತ್ತಿತ್ತು. ನಾನು ಜಾರಿದ್ದು ನಿಂತ ಬಸ್ಸಿನ ಮೆಟ್ಟಿಲಿನಿಂದ, ಅದೂ ಚಹಾ ಕುಡಿಯುವ ಆತುರಕ್ಕೆ. ಹಾವೇರಿಯ ಆಸ್ಪತ್ರೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಎರಡು ತಿಂಗಳು ಕಾಲು ಊರಬಾರದೆಂದು ಹೇಳಿ ಕಳಿಸಿದರು.

ಬ್ಯಾಡಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನಗೆ ಮಂಚ ಹಾಕಿದರು. ಮರುವಾರ ಅವ್ವ ಅದೇ ಮಂಚದ ಕೆಳಗೆ ಹಳೆಯ ಬಿದಿರಿನ ಬುಟ್ಟಿಯಿಟ್ಟು, ಒಂಬತ್ತು ಮೊಟ್ಟೆಗಳ ಮೇಲೆ ತನ್ನ ಜವಾರಿ ಕೋಳಿಯನ್ನು ಕಾವಿಗೆ ಕೂರಿಸಿದಳು. ಹಿಂದಿನ ಸಲ ಹಿತ್ತಲಲ್ಲಿ ಕೂರಿಸಿದ್ದಾಗ ಮೊಟ್ಟೆಗಳೆಲ್ಲ ಮುಂಗುಸಿಯ ಪಾಲಾಗಿದ್ದವು.

"ನೀ ಹೆಂಗೂ ಇಲ್ಲೇ ಬಿದ್ದಿರ್ತಿ. ಅದರ ಮ್ಯಾಲೆ ಒಂದು ಕಣ್ಣಿಡು" ಎಂದಳು.

ಗುರುತಿಗೆಂದು ಮೊಟ್ಟೆಗಳಿಗೆ ಇದ್ದಿಲಿನಿಂದ ಒಂದರಿಂದ ಒಂಬತ್ತರವರೆಗೆ ಗೀಟು ಎಳೆದಳು. ದೃಷ್ಟಿಯಾಗದಿರಲೆಂದು ಅವುಗಳ ನಡುವೆ ಆ ಇದ್ದಿಲನ್ನೂ ಎರಡು ಒಣಮೆಣಸಿನಕಾಯಿಯನ್ನೂ ಇಟ್ಟಳು. ನನ್ನ ಕಾಲಿಗೆ ಇಷ್ಟು ಶಾಸ್ತ್ರವನ್ನು ಯಾರೂ ಮಾಡಿರಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಪ್ಲಾಸ್ಟರಿನೊಳಗೆ ತುರಿಕೆ ಶುರುವಾಯಿತು. ಸಾಮಾನ್ಯ ತುರಿಕೆಯಲ್ಲ, ಏನೋ ಹರಿದಾಡಿದಂತೆ. ಮುರಿದ ಕೊಡೆಯ ಕಡ್ಡಿಯೊಂದನ್ನು ಒಳಗೆ ತೂರಿಸಿ ಮೊಣಕಾಲ ಹತ್ತಿರ ಕೆರೆದರೆ ಮೀನಖಂಡದಲ್ಲಿ ಏಳುತ್ತಿತ್ತು, ಅಲ್ಲಿಗೆ ಕಡ್ಡಿ ಮುಟ್ಟುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದೆ, ಇಲ್ಲವೇ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ.

"ಖಾರದ ಧೂಳಪಾ ಅದು" ಎಂದಳು ಅವ್ವ. "ಬ್ಯಾಡಗ್ಯಾಗ ಹುಟ್ಟಿ ಖಾರಕ್ಕ ಹಿಂಗ ಒದರಿದ್ರ ಮಂದಿ ನಗತಾರ."

ನಂಬದಿರಲು ಕಾರಣವಿರಲಿಲ್ಲ. ಅದು ಮೆಣಸಿನಕಾಯಿ ಸುಗ್ಗಿ. ಅವ್ವನೂ ನನ್ನ ಹೆಂಡತಿಯೂ ದಿನಾ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ, ಸೀರೆಯ ತುಂಬ ಕೆಂಪು ಧೂಳು ಹೊತ್ತು, ಸೀನುತ್ತಲೇ ಮನೆಗೆ ಬರುತ್ತಿದ್ದರು. ನಮ್ಮೂರಲ್ಲಿ ಕಣ್ಣುರಿದರೂ ಮೈ ತುರಿಸಿದರೂ ಕಾರಣ ಅದೊಂದೇ. ಬುಟ್ಟಿಯ ಸಂದಿಗಳಲ್ಲೂ ಕೆಂಪು ಪುಡಿ ಕಾಣುತ್ತಿತ್ತು. ದೃಷ್ಟಿಯ ಮೆಣಸಿನಕಾಯಿ ಉದುರಿರಬೇಕೆಂದು ಎಲ್ಲರೂ ಸುಮ್ಮನಾದೆವು.

ಆದರೂ ನನ್ನ ಸಿಟ್ಟು ಕೋಳಿಯ ಮೇಲೆ ತಿರುಗಿತು. ಅದನ್ನು ಬೇರೆ ಕಡೆ ಇಡಲು ದಿನಾ ಗೋಗರೆದೆ. "ಕಾವಿಗೆ ಕುಂತ ಕೋಳಿ ಜಾಗಾ ಬದಲಿಸಿದ್ರ ಮೊಟ್ಟಿ ಕೆಡ್ತಾವ. ಇಪ್ಪತ್ತೊಂದು ದಿನ ಬಾಯಿ ಮುಚ್ಕೊಂಡಿರು" ಎಂದು ಅವ್ವ ಗದರಿದಳು. ಹಿತ್ತಲ ಬಾಗಿಲನ್ನು ಕೋಳಿಗೆಂದು ತುಸು ತೆರೆದಿಟ್ಟು, ಮುಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಹದಿನೇಳು ವರ್ಷ ಬೇರೆಯವರನ್ನು ಒಳಗೆ ತುಂಬಿ ಬಾಗಿಲು ಹಾಕಿದವನು ನಾನು. ಈಗ ಆ ಚಿಲಕದ ಸದ್ದು ಕೇಳಿದರೆ ಎದೆ ಹಿಡಿದುಕೊಂಡಂತಾಗುತ್ತಿತ್ತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಕೋಳಿ ಒಂದೇ ಸಮನೆ ಏಳುವುದು, ಕೂರುವುದು, ಕೊಕ್ಕಿನಿಂದ ಮೈ ಕುಟ್ಟಿಕೊಳ್ಳುವುದು ಮಾಡುತ್ತಿತ್ತು. ಬುಟ್ಟಿ ಕಿರುಗುಟ್ಟಿದಾಗಲೆಲ್ಲ ನನ್ನ ಕಾಲಿನ ತುರಿಕೆ ಹೆಚ್ಚಾದಂತೆ ಅನಿಸಿತು. ಕೊನೆಗೆ ತಲೆ ಕೆಟ್ಟು, ಊರುಗೋಲು ಎತ್ತಿಕೊಂಡು "ಹೋಗ ಅತ್ಲಾಗ!" ಎಂದು ಮಂಚದ ಕೆಳಗೆ ತಿವಿದೆ. ಒಂದಲ್ಲ, ಮೂರು ನಾಲ್ಕು ಸಲ. ಕೋಳಿ ಕಿರುಚಿಕೊಂಡು ಹಿತ್ತಲಿಗೆ ಹಾರಿತು.

ಬಾಗಿಲ ಸಂದಿಯಿಂದ ಅದು ಕಾಣುತ್ತಿತ್ತು. ಒಲೆಯ ಬೂದಿ ಸುರಿಯುವ ಗುಂಡಿಗೆ ನೇರವಾಗಿ ಹೋಗಿ ಬಿದ್ದು, ರೆಕ್ಕೆ ಬಿಚ್ಚಿ ಹೊರಳಾಡಿತು. ಕಾಲಿನಿಂದ ಬೂದಿ ಎರಚಿ ಎರಚಿ ಮೈಗೆಲ್ಲ ಹಾಕಿಕೊಂಡಿತು. ಕೊಕೊಕೊ ಎಂದು ಎಷ್ಟು ಕರೆದರೂ ತಿರುಗಿ ನೋಡಲಿಲ್ಲ.

ಆಗ ನನಗೆ ಹೆದರಿಕೆ ಹತ್ತಿತು. ಕೋಲಿನಿಂದ ಬುಟ್ಟಿಯನ್ನು ಎಳೆದು ಒಂದು ಮೊಟ್ಟೆ ಎತ್ತಿಕೊಂಡೆ. ಬಿಸಿ ಇನ್ನೂ ಇತ್ತು. ಹೆಬ್ಬೆರಳಿಗೆ ಆ ಕೆಂಪು ಪುಡಿ ಹತ್ತಿತು. ನೋಡುತ್ತಿದ್ದಂತೆ ಪುಡಿ ನಡೆಯತೊಡಗಿತು. ಒರೆಸಿದರೆ ಬೆರಳಿನ ಮೇಲೆ ರಕ್ತದ ಗೆರೆ.

ಖಾರವಲ್ಲ, ಹೇನು. ರಕ್ತ ಕುಡಿದು ಕೆಂಪಾದ, ಸಾಸಿವೆಗಿಂತ ಸಣ್ಣ ಕೋಳಿ ಹೇನು. ಹಗಲು ಬುಟ್ಟಿಯ ಸಂದಿಯಲ್ಲಿ ಅಡಗಿ ಕತ್ತಲಾದ ಮೇಲೆ ಕೋಳಿಯ ರಕ್ತ ಹೀರಿ, ಅದು ಸಾಲದೆ ಮಂಚದ ಕಾಲು ಹತ್ತಿ ನನ್ನ ಪ್ಲಾಸ್ಟರಿನೊಳಗೂ ಬಂದಿದ್ದವು. ಕೋಳಿಯ ಜುಟ್ಟು ಬಿಳಚಿಕೊಂಡಿದ್ದನ್ನು ನಾನು ದಿನಾ ಕಂಡಿದ್ದೆ. ನನಗೆ ಕೊಡೆಯ ಕಡ್ಡಿಯಿತ್ತು, ಕೂಗಾಡಲು ಬಾಯಿತ್ತು. ಅದು ಎದ್ದು ಹೋಗಬಹುದಾಗಿತ್ತು, ಹೋಗಿರಲಿಲ್ಲ.

ಸಂಜೆಯವರೆಗೆ ಮನೆಗೆ ಯಾರೂ ಬರುವವರಿರಲಿಲ್ಲ. ಮೊಟ್ಟೆಗಳನ್ನು ಗೀಟು ಅಳಿಯದಂತೆ ಲುಂಗಿಯಿಂದ ಒರೆಸಿ ಒಂದೊಂದಾಗಿ ಅಂಗಿಯೊಳಗೆ ಹಾಕಿಕೊಂಡೆ. ಏಳು ಹೊಟ್ಟೆಯ ಮೇಲೆ ಹಿಡಿಸಿದವು. ಉಳಿದೆರಡನ್ನು, ನಾಲ್ಕು ಗೀಟಿನದನ್ನೂ ಏಳು ಗೀಟಿನದನ್ನೂ, ಪ್ಲಾಸ್ಟರಿನ ಪಕ್ಕಕ್ಕೆ ಒತ್ತಿ ಇಟ್ಟು, ಮೇಲೆ ಕಂಬಳಿ ಎಳೆದುಕೊಂಡೆ. ಬಿಸಿಲ ಹೊತ್ತಿನಲ್ಲಿ ಕಂಬಳಿಯೊಳಗೆ ಬೆವರು ಸುರಿಯಿತು. ತುರಿಕೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. ಎರಡು ಕೈಯೂ ಮೊಟ್ಟೆಗಳ ಸುತ್ತ. ಕೆರೆಯುವಂತಿಲ್ಲ, ಹೊರಳುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. ನಡುವೆ ಒಂದು ಮೊಟ್ಟೆಯನ್ನು ಕಿವಿಗಿಟ್ಟು ಕೇಳಿದೆ. ಒಳಗಿನಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಕಾಲು ಮುರಿದ ದಿನ ಅಳದವನು ಆಗ ಅತ್ತುಬಿಟ್ಟೆ.

ಸಂಜೆ ಚಿಲಕ ತೆಗೆದ ಸದ್ದಾಯಿತು. "ಅವ್ವಾ, ಮಂಚದ ಮ್ಯಾಲೆ ಕುಂದ್ರಬ್ಯಾಡ!" ಎಂದು ಮಲಗಿದಲ್ಲಿಂದಲೇ ಕೂಗಿದೆ. ಅಂಗಿಯೊಳಗಿನ ಮೊಟ್ಟೆಗಳನ್ನೂ ಬೆರಳಿನ ಮೇಲಿನ ರಕ್ತದ ಗೆರೆಯನ್ನೂ ತೋರಿಸಿದೆ. ಅವ್ವ ಬುಟ್ಟಿಯನ್ನು ನೋಡಿ ಹಣೆ ಬಡಿದುಕೊಂಡಳು.

"ಕೋಳಿ ಯಾಕ ಎದ್ದು ಹೋತು?"

"ತಾನ ಎದ್ದು ಹೋತು" ಎಂದುಬಿಟ್ಟೆ.

ಅವ್ವ ಬುಟ್ಟಿಯನ್ನು ಒಲೆಗೆ ಹಾಕಿದಳು. ಕೋಳಿಯನ್ನು ಹಿಡಿದು ತಂದು ಪುಕ್ಕದ ಬುಡಕ್ಕೆಲ್ಲ ಬೂದಿ ತಿಕ್ಕಿದಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಹೆಂಡತಿ ಮಂಚದ ಸಂದಿಗಳಿಗೆ ಕುದಿಯುವ ನೀರು ಸುರಿದಳು. ಹೊಸ ಹುಲ್ಲು ಹಾಕಿದ ಹಳೆಯ ಪಾತ್ರೆಯೊಂದರಲ್ಲಿ ಅದೇ ಒಂಬತ್ತು ಮೊಟ್ಟೆಗಳ ಮೇಲೆ ಕೋಳಿ ಮತ್ತೆ ಕೂತಿತು.

ಮೂರನೆಯ ದಿನಕ್ಕೆ ಏಳು ಮರಿಗಳು ಹೊರಬಂದವು. ಎರಡು ಮೊಟ್ಟೆ ಉಳಿದವು. ನಾಲ್ಕು ಗೀಟಿನದೊಂದು, ಏಳು ಗೀಟಿನದೊಂದು. ಯಾವುವೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಪ್ಲಾಸ್ಟರಿನ ಪಕ್ಕಕ್ಕಿಟ್ಟವು. ಸುಣ್ಣದ ಗೋಡೆಯಂಥ ಆ ಕಾಲಿಗೆ ಬಿಸಿ ಎಲ್ಲಿಂದ ಬರಬೇಕು? ಅವ್ವ ಒಡೆದು ನೋಡಿದಳು. ಎರಡರಲ್ಲೂ ಪೂರ್ತಿ ಬೆಳೆದ ಮರಿ, ಮೈಮೇಲೆ ತುಪ್ಪಳ ಸಹಿತ.

"ನಡುವ ಎದ್ದು ಹೋಗೂ ಕೋಳಿ ಮನಿಗೆ ಹತ್ತೂದಿಲ್ಲ" ಎಂದಳು ಅವ್ವ. "ಮರಿ ದೊಡ್ಡವಾಗಲಿ, ಇದನ್ನ ಕೊಯ್ದು ಸಾರು ಮಾಡೂಣು."

ಕೋಳಿ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿತ್ತು.

"ಅವ್ವಾ, ಅದು ತಾನ ಹೋಗಲಿಲ್ಲ. ನಾನ ಕೋಲಿಲೆ ತಿವಿದು ಓಡಿಸಿದೆ."

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ಸತ್ತ ಮರಿಗಳನ್ನು. ಕೋಳಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಒಂದು ಬೋಗುಣಿ ಬೂದಿ ತಂದು ಪಕ್ಕಕ್ಕಿಟ್ಟಳು.

"ಹಂಗಾರ ಇನ್ನ ಇದರ ಹೇನು ನೋಡೂದು ನಿನ್ನ ಕೆಲಸ. ಒಂದೊಂದು ಪುಕ್ಕ ಬಿಡಿಸಿ ಹಚ್ಚು."

ಬೂದಿ ತೆಗೆದುಕೊಂಡು ರೆಕ್ಕೆಯನ್ನು ಮೆಲ್ಲಗೆ ಎತ್ತಿದೆ. ಕೋಳಿ ಕೊಸರಾಡಲಿಲ್ಲ, ಕುಕ್ಕಲಿಲ್ಲ. ನನ್ನ ಕೈಯ ಗುರುತು ಹಿಡಿದು ಗಡಗಡ ನಡುಗಿತು.