ಇಫ್ತಾರ್‌ಗೆ ಕತ್ತರಿಸದೆ ಇಟ್ಟ ಬ್ರಿಸ್ಕೆಟ್

1998ರ ಡಿಸೆಂಬರ್. ಅಬುಧಾಬಿ ಸೀಮೆಯ ರುವೈಸ್‌ನ ಒಂದು ಕಂಪನಿ ಕ್ಯಾಂಪಿನ ಮೆಸ್ಸಿನಲ್ಲಿ ನಾನು ಮುಖ್ಯ ಅಡುಗೆಯವನಾಗಿದ್ದೆ. ನನಗೆ ಸೌಟು ಹಿಡಿಯಲು ಕಲಿಸಿದ ಬಂಟ್ವಾಳದ ಹಮೀದಾಕ, ಅಂದರೆ ಹಮೀದಣ್ಣ, ಅಲ್ಲೇ ಬಿರಿಯಾನಿ ನೋಡಿಕೊಳ್ಳುತ್ತಿದ್ದರು. ಹುದ್ದೆಯಲ್ಲಿ ನಾನು ಮೇಲೆ, ಮಾತಿನಲ್ಲಿ ಅವರು ಮೇಲೆ.

ರಂಜಾನ್ ತಿಂಗಳು. ಮೇಂಟೆನೆನ್ಸ್ ವಿಭಾಗದ ಡೇಲ್ ಸಾಹೇಬರು ಟೆಕ್ಸಾಸಿನವರು. ಮರುದಿನ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ತಮ್ಮ ಫಿಟ್ಟರು, ವೆಲ್ಡರುಗಳಿಗೆ ಕೊನೆಯದಾಗಿ ಒಂದು ಇಫ್ತಾರ್ ತಾವೇ ಬಡಿಸಬೇಕೆಂದು ಅವರ ಹಟ. ಅದಕ್ಕೆ ತಮ್ಮೂರಿನ ಬ್ರಿಸ್ಕೆಟ್ಟೇ ಆಗಬೇಕು, ಎಂದರೆ ದನದ ಎದೆಭಾಗದ ಇಡೀ ತುಂಡು. ವರ್ಕ್‌ಶಾಪಿನ ಹಳೆಯ ಪೈಪಿನಿಂದ ಮಾಡಿಸಿದ ಒಲೆಯಲ್ಲಿ, ಹಿಂದಿನ ಸಂಜೆಯಿಂದ ಅದನ್ನು ಹೊಗೆಯಲ್ಲಿ ಬೇಯಿಸಿ, ಮಧ್ಯಾಹ್ನ ಕಾಗದದಲ್ಲಿ ಸುತ್ತಿ ನಮ್ಮಲ್ಲಿಗೆ ತಂದರು. ಅಷ್ಟರಲ್ಲಿ ಪ್ಲಾಂಟಿನಲ್ಲಿ ಪಂಪೊಂದು ಕೈಕೊಟ್ಟಿತೆಂದು ಕರೆ ಬಂತು.

"ನಾನು ಬರುವವರೆಗೆ ಕತ್ತರಿಸಬೇಡ, ಅಶ್ರಫ್," ಎಂದವರೇ ಓಡಿದರು.

ಹಮೀದಾಕ ಆಗಲೇ ಅದನ್ನಿಟ್ಟು ಮುಚ್ಚಲು ಪಾತ್ರೆ ತಂದು, ಅದರ ಬಾಯಿಗೆ ಮೆತ್ತಲು ಹಿಟ್ಟು ನಾದುತ್ತಿದ್ದರು. ಬಿರಿಯಾನಿಯ ಆವಿ ಹೊರಹೋಗದಂತೆ ದಮ್ ಕಟ್ಟಿ ಪಳಗಿದ ಕೈ! ನಾನು ಸುತ್ತು ಬಿಚ್ಚಹೊರಟದ್ದು ಕಂಡು ತಡೆದರು.

"ತೆರೆದಿಟ್ರೆ ತಣ್ಣಗಾಗುದಿಲ್ವ ಮಾರಾಯ? ಇಡೀ ದಿನ ಉಪವಾಸ ಇದ್ದವರಿಗೆ ತಂಗಳು ಹಾಕ್ತೀಯಾ?"

"ಹಮೀದಾಕ, ಇದು ಬೆಂದಾಗಿದೆ. ಈ ಬಿಸಿಯಲ್ಲೇ ಬಾಯಿ ಕಟ್ಟಿದ್ರೆ ಒಳಗೊಳಗೇ ಇನ್ನೂ ಬೇಯ್ತದೆ. ಸಂಜೆಗೆ ಚೂರಿ ಬೇಡ, ಸೌಟೇ ಸಾಕಾದೀತು."

"ಆಯ್ತು, ಇನ್ನು ನೀನೇ ಉಸ್ತಾದ್," ಎಂದು ಹಿಟ್ಟನ್ನು ಬದಿಗೆ ತಳ್ಳಿದರು. ನನಗೆ ಕಸಿವಿಸಿಯಾಯಿತು. ಆದರೆ ಬಿಸಿ ಇಳಿಸದೆ ವಿಧಿಯಿರಲಿಲ್ಲ. ಸುತ್ತು ಸಡಿಲಿಸಿ, ಥರ್ಮಾಮೀಟರು ತೊಂಬತ್ತೈದು ಡಿಗ್ರಿಯಿಂದ ಎಂಬತ್ತಕ್ಕೆ ಇಳಿಯುವವರೆಗೆ ಬಿಟ್ಟೆ. ಆಮೇಲೆ ಮತ್ತೆ ಸುತ್ತಿ ಹಾಟ್ ಕ್ಯಾಬಿನೆಟ್ಟಿನಲ್ಲಿ, ಅಂದರೆ ಬೇಯಿಸದೆ ಊಟವನ್ನು ಬಿಸಿಯಾಗಿಡುವ ಉಕ್ಕಿನ ಬೀರುವಿನಲ್ಲಿ, ಅರವತ್ತೈದಕ್ಕೆ ಇಟ್ಟೆ. ಅರವತ್ತಕ್ಕಿಂತ ಕೆಳಗಿಳಿದರೆ ಮಾಂಸ ಕೆಡುವ ಭಯ.

ಸೂರ್ಯ ಮುಳುಗಿ ಬಾಂಗ್ ಆಯಿತು. ಖರ್ಜೂರ, ಗಂಜಿ, ನಮಾಜು ಎಲ್ಲ ಮುಗಿದರೂ ಡೇಲ್ ಸಾಹೇಬರ ಸುಳಿವಿಲ್ಲ.

"ಇನ್ನೆಷ್ಟು ಹೊತ್ತು ತಡೀತದೆ?" ಹಮೀದಾಕ ಕೇಳಿದರು.

"ಮಾಂಸ ತಡೀತದೆ. ಜನ ತಡೀಬೇಕಲ್ಲ?"

ಅವರು ಸೀದಾ ಹೊರಗೆ ಹೋಗಿ, ಸಾಹೇಬರು ಬಂದಿಲ್ಲ, ಬಡಿಸುವುದೋ ಬೇಡವೋ ಎಂದು ಕೇಳಿಯೇಬಿಟ್ಟರು. ಒಬ್ಬ ಪಠಾಣ ವೆಲ್ಡರ್ ತನ್ನ ತಟ್ಟೆಯನ್ನು ಮಗುಚಿಟ್ಟ. "ಸಾಬ್ ಕೋ ಆನೇ ದೋ." ಸಾಹೇಬರು ಬರಲಿ. ಒಬ್ಬೊಬ್ಬರಾಗಿ ಎಲ್ಲರೂ ತಟ್ಟೆ ಮಗುಚಿದರು. ನಾನು ಒಳಗೆ ಹೋಗಿ ಕ್ಯಾಬಿನೆಟ್ಟಿನ ಬಿಸಿ ಮತ್ತೊಮ್ಮೆ ನೋಡಿದೆ. ಇಷ್ಟು ಹಸಿದವರು ಕಾದು ಕೂತ ಮೇಲೆ ಮಾಂಸ ಒಣಗಿ ನಾರಾಗಿದ್ದರೆ? ಅದನ್ನು ತಿಳಿಯಲು ಕತ್ತರಿಸಲೇಬೇಕು. ಕತ್ತರಿಸುವಂತಿಲ್ಲ.

ರಾತ್ರಿಯ ಇಶಾ ನಮಾಜಿಗೆ ಸ್ವಲ್ಪ ಮುಂಚೆ ಡೇಲ್ ಸಾಹೇಬರು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಂದರು. ಸಾಲಾಗಿ ಮಗುಚಿದ ತಟ್ಟೆಗಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಕೈ ತೊಳೆದು ಚೂರಿ ಹಿಡಿದರು. ಮೊದಲ ಹೋಳು ಬೆರಳ ಮೇಲೆ ಮೆತ್ತಗೆ ಬಾಗಿತು, ಮುರಿಯಲಿಲ್ಲ. ಅಂಚಿನಲ್ಲಿ ರಸ ಜಿನುಗಿತು. ಅಲ್ಹಮ್ದುಲಿಲ್ಲಾಹ್! ನನಗೆ ಹೋದ ಜೀವ ಬಂತು.

ಹಮೀದಾಕ ಆ ಹೋಳನ್ನು ಎತ್ತಿ ಸಾಹೇಬರ ಬಾಯಿಗೇ ಹಿಡಿದರು. "ಖಾವೋ ಸಾಬ್. ಬೆಳಿಗ್ಗಿಂದ ಎಂತಾದ್ರೂ ತಿಂದಿದ್ದಾರಾ ಕೇಳು ಅಶ್ರಫ್." ಕೇಳಿದೆ. ಉಪವಾಸದವರ ನಡುವೆ ಒಬ್ಬನೇ ಹೇಗೆ ತಿನ್ನಲಿ ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತ.

ಒಲೆ ಆರಿದ ಮೇಲೂ ಅಡುಗೆಯವನ ಕೆಲಸ ಬಾಕಿ ಇರುತ್ತದೆಂದು ನಾನು ಕಲಿತದ್ದು ಅಂದು. ಮುಂದೆ ಅಬುಧಾಬಿಯ ಅಡುಗೆಮನೆಗಳಲ್ಲಿ ಹುಡುಗರು "ಖಲಾಸ್ ಅಶ್ರಫಾಕ, ಬಂದ್ ಮಾಡುವ" ಎಂದು ಎಷ್ಟು ಗೊಣಗಿದರೂ, ಊಟಕ್ಕೆ ಒಬ್ಬರು ಬರಲು ಬಾಕಿಯಿದ್ದರೆ ಹಾಟ್ ಕ್ಯಾಬಿನೆಟ್ ಆರಿಸಲು ನನಗೆ ಕೈಯೇ ಬರುತ್ತಿರಲಿಲ್ಲ.