ಗಾಡಿಯ ಮೂಗಿಗೆ ಹಚ್ಚಿದ ಗಂಧ

ಮೊನ್ನೆ ಶುಕ್ರವಾರ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದಾಗ ಪಕ್ಕದ ಮನೆಯವರು ನಮ್ಮ ಕಿಟಕಿಯ ಕೆಳಗೇ ಸ್ಕೂಟರಿಗೆ ಡಬ್ಬದಿಂದ ಪೆಟ್ರೋಲು ಹುಯ್ದರು. ಎರಡು ವಾಸನೆಯೂ ಒಟ್ಟಿಗೆ ಬಂತು. ಕೈ ನಿಂತುಹೋಯಿತು. ಮೇಸ್ತ್ರಿ ನೆನಪಾದರು...

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದಿರಬೇಕು. ನಾವು ಅಗ್ರಹಾರದಲ್ಲಿದ್ದೆವು. ನಾಲ್ಕು ವರ್ಷದ ಮಗಳಿಗೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರು, ವಾರಕ್ಕೊಮ್ಮೆ ಆಸ್ಪತ್ರೆಗೆ ತೋರಿಸಬೇಕು. ಜಟಕಾದ ಕುಲುಕಾಟಕ್ಕೆ ಮಗು ಚೀರುತ್ತಿತ್ತು. ಅದನ್ನು ನೋಡಲಾರದೆ ನಮ್ಮ ಮನೆಯವರು ಯಾರೋ ಬಳಸಿ ಬಿಟ್ಟ ಹಳೆಯ ಕಾರು ತಂದರು. ಹಿಂದಿನ ಸೀಟಿನಲ್ಲಿ ಮಗುವನ್ನು ಉದ್ದಕ್ಕೆ ಮಲಗಿಸಬಹುದಿತ್ತು. ದೇವರು ಅಷ್ಟಾದರೂ ಕೊಟ್ಟನಲ್ಲ ಎಂದುಕೊಂಡೆ.

ಆ ಸಮಾಧಾನ ಎರಡು ತಿಂಗಳೂ ಉಳಿಯಲಿಲ್ಲ. ಸ್ವಲ್ಪ ದೂರ ಓಡಿದರೆ ಸಾಕು, ಎಂಜಿನ್ನು ಚಳಿಜ್ವರ ಬಂದಂತೆ ನಡುಗಿ ಆರಿಹೋಗುತ್ತಿತ್ತು. ಆರದಿರಲೆಂದು ಇವರು ಚೋಕ್ ಎಳೆದುಕೊಂಡೇ ಓಡಿಸುವರು. ಎಳೆದಷ್ಟೂ ಅದು ಪೆಟ್ರೋಲು ಕುಡಿಯುವುದು. ದೇವರಾಜ ಮೊಹಲ್ಲಾದಲ್ಲಿ ಕಾರು ರಿಪೇರಿಯ ಶೆಡ್ಡು ಇಟ್ಟಿದ್ದ ಮೇಸ್ತ್ರಿ ಪ್ಲಗ್ಗು ತೊಳೆದರು, ಕಾರ್ಬುರೇಟರ್ ಬಿಚ್ಚಿ ಜೋಡಿಸಿದರು. ಅವರ ಶೆಡ್ಡಿನಲ್ಲಿ ಸಾಧುವಾಗಿ ಗುರುಗುಡುವ ಕಾರು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಅದೇ ನಡುಕ. ರೇಗಿ ರೇಗಿ ನನಗೂ ಸಾಕಾಗಿತ್ತು.

"ಈ ವಾರ ಸರಿಹೋಗದಿದ್ರೆ ಮಾರಿಬಿಡ್ತೀನಿ ಕಣೇ. ಮತ್ತೆ ಜಟಕಾನೇ ಗತಿ," ಎಂದರು ಇವರು.

ಓಡುವಾಗಲೇ ನೋಡುತ್ತೇನೆಂದು ಆ ವಾರ ಮೇಸ್ತ್ರಿಯೂ ನಮ್ಮ ಜೊತೆ ಹತ್ತಿದರು. ಆಸ್ಪತ್ರೆಯ ಗೇಟಿನಲ್ಲೇ ಕಾರು ಆರಿತು. ಇವರು ಗೊಣಗುತ್ತ ಮಗುವನ್ನೆತ್ತಿಕೊಂಡು ಒಳಗೆ ಹೋದರು. ಬಟ್ಟೆಗಂಟು ತೆಗೆದುಕೊಳ್ಳಲು ನಾನು ಹಿಂದುಳಿದೆ. ಜಟಕಾದಲ್ಲಿ ಚೀರುವ ಮಗು ಕಣ್ಣಮುಂದೆ ಬಂದು ನಾಲಿಗೆಯ ಹಿಡಿತ ತಪ್ಪಿತು.

"ಪೆಟ್ರೋಲು ಎಲ್ಲಿ ಹೋಗತ್ತೆ ಅಂತ ನಮಗೆ ಗೊತ್ತಿಲ್ವೇ ಮೇಸ್ತ್ರಿ? ಶೆಡ್ಡಿಗೆ ಬಂದಾಗೆಲ್ಲ ನೀವೇ ಇಳಿಸಿಕೊಳ್ತೀರಿ."

ಅವರ ಮುಖ ಕಪ್ಪಿಟ್ಟಿತು. "ಬನ್ನಿ ಅಮ್ಮಾವ್ರೇ, ಎಷ್ಟದೆ ಅಂತ ನೀವೇ ನೋಡ್ಬುಡಿ," ಎಂದು ಟ್ಯಾಂಕಿನ ಮುಚ್ಚಳ ತಿರುವಿದರು.

ಗಾಳಿ ಉಸ್ಸೆಂದು ಒಳಗೆ ನುಗ್ಗಿತು. ಮೇಸ್ತ್ರಿ ಹಾಗೇ ನಿಂತರು. ಮುಚ್ಚಳವನ್ನು ಬೆಳಕಿಗೆ ಹಿಡಿದರು. ಅದರ ಮೇಲೆಲ್ಲ ಗಂಧ, ಕುಂಕುಮ, ಅಕ್ಷತೆ. ಪೆಟ್ರೋಲು ಅಕ್ಷಯವಾಗಲಿ ಎಂದು ಪ್ರತಿ ಶುಕ್ರವಾರ ನಾನೇ ಹಚ್ಚಿದ್ದು, ಪದರ ಪದರವಾಗಿ ಒಣಗಿತ್ತು.

"ಒಂದು ಪಿನ್ನು ಕೊಡಿ."

ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟೆ. ಮುಚ್ಚಳದ ನಡುವೆ ಚುಚ್ಚಿದರು. ಗಂಧದ ಚೂರು ಉದುರಿ, ಸಾಸಿವೆಯಷ್ಟು ತೂತು ಕಾಣಿಸಿತು.

"ಇದು ಗಾಡಿ ಮೂಗು ಕಣಮ್ಮಾ. ಉಸಿರು ಕಟ್ಟುದ್ರೆ ಪೆಟ್ರೋಲು ಹೆಂಗೆ ಇಳೀತದೆ? ಶೆಡ್ಡಲ್ಲಿ ನಾನು ಮುಚ್ಚಳ ತೆಗ್ದು ತೆಗ್ದು ನೋಡ್ತಿದ್ದೆ, ಅದ್ಕೇ ಅಲ್ಲಿ ಸುಮ್ಕಿರ್ತಿತ್ತು. ಪೂಜೆ ಬ್ಯಾಡ ಅನ್ನಲ್ಲ. ಹಣೆಗೆ ಹಚ್ಚಿ, ಮೂಗಿಗೆ ಬ್ಯಾಡ."

ಅಷ್ಟರಲ್ಲಿ ಮಗುವನ್ನು ನರ್ಸಿಗೆ ಒಪ್ಪಿಸಿ ಇವರು ಹೊರಗೆ ಬಂದರು. "ಏನಾಗಿತ್ರೀ?"

"ಏನೋ ಕಸ ಸಿಕ್ಕೊಂಡಿತ್ತು ಸ್ವಾಮಿ. ಇನ್ನು ಚೋಕ್ ಎಳೀಬ್ಯಾಡಿ."

"ಒಂದು ಕಸ ಹುಡುಕೋಕೆ ಆರು ವಾರ ಬೇಕಾಯ್ತೇ? ಒಳ್ಳೇ ಮೇಸ್ತ್ರಿ ನೀವು!"

ಮೇಸ್ತ್ರಿ ನಕ್ಕು, ಪಿನ್ನನ್ನು ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಬಳೆಗೆ ಸಿಕ್ಕಿಸಿಕೊಂಡು, ಬಟ್ಟೆಗಂಟು ಎತ್ತಿಕೊಂಡು ಒಳಗೆ ನಡೆದೆ.

ಮಗು ಆ ಕಾರಿನಲ್ಲೇ ಓಡಾಡಿ, ಪ್ಲಾಸ್ಟರು ಬಿಚ್ಚಿಸಿಕೊಂಡು, ನಡೆಯಿತು. ಅದು ನನ್ನ ಪಾಲಿನ ದೊಡ್ಡ ಪುಣ್ಯ. ಮೇಸ್ತ್ರಿಯ ಹತ್ತಿರ ತಪ್ಪಾಯಿತು ಎನ್ನಬೇಕು, ಇವತ್ತು, ನಾಳೆ, ಹಬ್ಬ ಕಳೆಯಲಿ ಎಂದು ತಳ್ಳುತ್ತಲೇ ಬಂದೆ. ಕೊನೆಗೆ ಹೋದ ದಿನ ಶೆಡ್ಡಿಗೆ ಬೀಗ. ತೀರಿಕೊಂಡು ತಿಂಗಳಾಯಿತೆಂದು ಪಕ್ಕದ ಸೈಕಲ್ ಅಂಗಡಿಯವರು ಹೇಳಿದರು...

ಮೊನ್ನೆ ಕಿಟಕಿಯಿಂದ ಇಣುಕಿದರೆ, ಪಕ್ಕದ ಮನೆಯಾಕೆ ಬಟ್ಟಲಲ್ಲಿ ಗಂಧ ತಂದು ಸ್ಕೂಟರಿನ ಪೆಟ್ರೋಲು ಮುಚ್ಚಳಕ್ಕೇ ಬೆರಳು ಚಾಚಿದ್ದರು.

"ಅಲ್ಲಿಗೆ ಬೇಡ ಕಣ್ರೀ! ಅದು ಗಾಡಿ ಮೂಗು. ಹಣೆಗೆ ಹಚ್ಚಿ!" ಎಂದು ಕೂಗಿದೆ.

"ಅಯ್ಯೋ, ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ರು?" ಎಂದು ಆಕೆ ನಕ್ಕರು.

"ಒಬ್ಬರು ಮೇಸ್ತ್ರಿ ಇದ್ರು," ಎಂದೆ. ಅವರನ್ನು ನಾನು ಕಳ್ಳ ಅಂದಿದ್ದೆ ಎಂಬ ಮಾತು ಅವತ್ತಿನಂತೆ ಮೊನ್ನೆಯೂ ಗಂಟಲು ದಾಟಲಿಲ್ಲ.