ಸೂಜಿ ರೂಮು ಕೈತಪ್ಪಿದ ದಿನ

ಲಕ್ಷ್ಮೀನರಸಮ್ಮ ತುಳಿಯದ ಓಣಿ ಗೌರಿಬಿದನೂರಿನ ಸುತ್ತ ಇದ್ದರೆ ಹೇಳಿ, ನೋಡೋಣ. ಗಾರ್ಮೆಂಟ್ಸ್ ಕೆಲಸಕ್ಕೆ ನಾಲ್ಕು ದಿನ ಬಾರದೆ ನಿಂತ ಹೆಣ್ಣುಮಕ್ಕಳ ಮನೆ ಹುಡುಕಿಕೊಂಡು ಹೋಗಬೇಕು, ಸಮಾಧಾನ ಹೇಳಬೇಕು, ಮತ್ತೆ ಮಿಷಿನ್ನಿನ ಮುಂದೆ ತಂದು ಕೂರಿಸಬೇಕು. ಒಂಬತ್ತು ವರ್ಷದಿಂದ ಆಕೆಯ ಕೆಲಸ ಇದೇ. ಮಂಚೇನಹಳ್ಳಿಯಿಂದ ತೊಂಡೇಬಾವಿವರೆಗೆ ಹೋದ ಮನೆಯಲ್ಲೆಲ್ಲ ಒಂದು ಲೋಟ ಟೀ, ಅದರ ಜೊತೆಗೆ ಒಂದು ಗೋಳು. ಗಂಡ ಹೊಡೆದ, ನಾದಿನಿ ಚುಚ್ಚಿದಳು, ಸೂಪರ್‌ವೈಸರ್ ಎಲ್ಲರೆದುರು ಕೂಗಾಡಿದ. ಹೇಳಿಕೊಂಡವರು ಹಗುರಾಗಿ ಮಾರನೆಯ ದಿನ ಕೆಲಸಕ್ಕೆ ಬರುತ್ತಿದ್ದರು. ಕೇಳಿಸಿಕೊಂಡ ಆಕೆ ಮಾತ್ರ ಮನೆಗೆ ಬಂದು, ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಮುರಿಯದೆ ಕೂತಿರುತ್ತಿದ್ದಳು.

ಮಂಡಿ ನೋವಿಗೆ ಮುಲಾಮು ಇತ್ತು. ಈ ಸುಸ್ತಿಗೆ ಇರಲಿಲ್ಲ.

ಆಕೆಯ ಕಣ್ಣು ಬಿದ್ದಿದ್ದು ಸೂಜಿ ರೂಮಿನ ಮೇಲೆ. ಮಿಷಿನ್ನಿನ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ ತಂದು, ಕಾಗದದ ಮೇಲೆ ಟೇಪಿನಲ್ಲಿ ಅಂಟಿಸಿ ತೋರಿಸಬೇಕು. ಚೂರು ಕೂಡಿ ಇಡೀ ಸೂಜಿಯಾದರೆ ಹೊಸದು ಕೊಡುತ್ತಾರೆ. ಒಂದು ಚೂರು ಕಮ್ಮಿಯಾದರೂ ಇಲ್ಲ. ಬಟ್ಟೆಯೊಳಗೆ ಉಳಿದ ಚೂರು ಯಾವುದೋ ಮಗುವಿನ ಮೈಗೆ ಚುಚ್ಚೀತಲ್ಲ! ಒಂದು ಕಿಟಕಿ, ಒಂದು ಕುರ್ಚಿ, ತಲೆ ಮೇಲೊಂದು ಫ್ಯಾನು. ಅಲ್ಲಿ ಯಾರ ಗೋಳನ್ನೂ ಕೇಳಬೇಕಾಗಿಲ್ಲ. ಅಲ್ಲಿದ್ದ ಹೆಂಗಸು ಬಿಟ್ಟುಹೋಗಿ ವಾರವಾಗಿತ್ತು.

"ಅಲ್ಲಿ ಕೂರೋರು ಅಳುವಿಗೆ ಕರಗಬಾರ್ದು ಕಣಮ್ಮ, ರೂಲ್ಸ್ ನೋಡ್ಬೇಕು," ಅಂದಿದ್ದ ಮ್ಯಾನೇಜರ್ ರಮೇಶ್‌ಬಾಬು. "ಚಿಕ್ಕಬಳ್ಳಾಪುರದಿಂದ ಒಬ್ರು ಮೇಷ್ಟ್ರು ಬರ್ತಾರೆ. ಒಂದು ಟೆಸ್ಟ್ ಕೊಡ್ತಾರೆ. ಆಮೇಲೆ ನೋಡಣ."

ಮೇಷ್ಟ್ರು ಮುರಳಿಮೋಹನ್ ಬಂದರು. ಲಕ್ಷ್ಮೀನರಸಮ್ಮನೂ ಸೇರಿ ಊರು ತಿರುಗುವ ಕೆಲಸದ ಎಂಟು ಹೆಂಗಸರನ್ನೂ ಊಟದ ಹಾಲಿನಲ್ಲಿ ಕೂರಿಸಿ ಹೇಳಿದರು: "ನಮ್ಮ ಮನಸ್ಸಲ್ಲಿ ನಾಲ್ಕು ಜನ ಇದಾರೆ ಅನ್ಕೊಳ್ಳಿ. ಒಬ್ರು ಸರಿ ತಪ್ಪು ತೂಗಿ ಯೋಚಿಸೋರು. ಒಬ್ರು ಮರುಗೋರು. ಒಬ್ರು ಕಣ್ಣಿಗೆ ಕಂಡಿದ್ದು, ಕೈಗೆ ಸಿಕ್ಕಿದ್ದನ್ನೇ ನಂಬೋರು. ಇನ್ನೊಬ್ರು ಮುಂದೆ ಆಗೋದನ್ನ ಮೊದಲೇ ಊಹಿಸೋರು. ನಾಲ್ಕೂ ಜನ ಎಲ್ಲರೊಳಗೂ ಇರ್ತಾರೆ. ಆದ್ರೆ ಯಜಮಾನಿಕೆ ಒಬ್ರದ್ದೇ."

"ನಮ್ಮನೇಲಿ ನಮ್ಮತ್ತೇದು, ಸಾರ್!" ಅಂದಳು ಮುಸರ್ರತ್. ಹಾಲೆಲ್ಲ ನಕ್ಕಿತು. ಮುಸರ್ರತ್ ಎಂಟು ಜನರಲ್ಲಿ ಚಿಕ್ಕವಳು, ಬಾಯಿ ಜೋರು. ತಡವಾಗಿ ಬಂದದ್ದಕ್ಕೆ ಆಗಲೇ ಎರಡು ವಾರ್ನಿಂಗ್ ಲೆಟರ್ ತಗೊಂಡಿದ್ದಳು. ಮೂರನೆಯದು ಬಂದರೆ ಮನೆಗೆ ಹೋಗುವುದೇ.

ಕಾಗದ ಹಂಚಿದರು. ಇಪ್ಪತ್ತು ಪ್ರಶ್ನೆ. ಯೋಚಿಸುವವರ ಉತ್ತರ ಯಾವುದು, ಮರುಗುವವರದು ಯಾವುದು ಎಂದು ಲಕ್ಷ್ಮೀನರಸಮ್ಮನಿಗೆ ಓದುತ್ತಲೇ ತಿಳಿಯಿತು. ತಪ್ಪು ಮಾಡಿದವರು ಅತ್ತರೆ? ನಿಯಮ ನೋಡುತ್ತೇನೆ. ಟಿಕ್. ಹೀಗೇ ಸುಳ್ಳು ಹಾಕುತ್ತಾ ಹದಿನಾಲ್ಕನೆಯದಕ್ಕೆ ಬಂದಳು. ದಿನದ ಕೊನೆಗೆ ನಿಮ್ಮನ್ನು ದಣಿಸುವುದು ಯಾವುದು? ಕೈ ತಾನಾಗಿಯೇ 'ಬೇರೆಯವರ ಕಣ್ಣೀರು' ಅನ್ನುವುದರ ಮುಂದೆ ಟಿಕ್ ಹಾಕಿತು. ಗಾಬರಿಯಾಗಿ ಅದನ್ನು ಗೀಚಿ, 'ಅಚ್ಚುಕಟ್ಟಿಲ್ಲದ ಕೆಲಸ' ಅನ್ನುವುದಕ್ಕೆ ಹಾಕಿದಳು.

ಇದರಲ್ಲಿ ಸರಿಯುತ್ತರ, ತಪ್ಪುತ್ತರ ಅಂತ ಇಲ್ಲ ಅನ್ನುವ ಒಂದು ಮಾತು ಹೇಳುವುದನ್ನು ಮೇಷ್ಟ್ರು ಮರೆತಿದ್ದರು. ನಂಬರು ಹಾಕಿದ ಕಾಗದ ಕೊಟ್ಟರೆ ಆ ಹೆಂಗಸರ ಪಾಲಿಗೆ ಅದು ಪರೀಕ್ಷೆ. ಪರೀಕ್ಷೆ ಅಂದಮೇಲೆ ಸರಿಯುತ್ತರ ಇರಲೇಬೇಕು. ಸರಿಯುತ್ತರ ಲಕ್ಷ್ಮೀನರಸಮ್ಮ ಅಕ್ಕನಿಗಲ್ಲದೆ ಇನ್ಯಾರಿಗೆ ಗೊತ್ತು? ಮುಸರ್ರತ್ ಅಕ್ಕನದನ್ನು ನೋಡಿದಳು, ಅವಳದನ್ನು ಪಕ್ಕದವಳು, ಹಾಗೇ ಕೊನೆಯವರೆಗೂ.

ಮಧ್ಯಾಹ್ನ ರಮೇಶ್‌ಬಾಬು ಕಾಗದಗಳನ್ನು ಹಿಡಿದು ಬಂದ. ಮುಖ ಕೆಂಪಗಾಗಿತ್ತು.

"ಎಂಟು ಜನಾನೂ ಒಂದೇ ಥರ! ಹೋಗ್ಲಿ ಅಂದ್ರೆ, ಹದಿನಾಲ್ಕನೇದನ್ನ ಎಂಟು ಜನಾನೂ ಟಿಕ್ ಹಾಕಿ ಗೀಚಿದೀರಲ್ರೀ! ಗೀಚಿದ್ದನ್ನೂ ಕಾಪಿ ಹೊಡೀತಾರಾ?"

"ನೀಟಾಗಿರ್ಲಿ ಅಂತ ಸಾರ್," ಅಂದಳು ಹಿಂದಿನವಳೊಬ್ಬಳು.

"ಮೊದಲು ಬರೆದಿದ್ದು ಯಾರು ಹೇಳಿ. ಸೂಜಿ ರೂಮು ಅವರಿಗೇ. ಮಿಕ್ಕವರಿಗೆಲ್ಲ ವಾರ್ನಿಂಗ್ ಲೆಟರ್."

'ನಾನು ಸಾರ್' ಅಂದರೆ ಮುಗಿಯಿತು. ಆ ಕುರ್ಚಿ, ಆ ಫ್ಯಾನು. ತಾನೇನು ನೋಡಿ ಬರೆಯಿರಿ ಅಂದಿದ್ದಳೇ? ನಿಯಮ ಅಂದರೆ ನಿಯಮ. ಲಕ್ಷ್ಮೀನರಸಮ್ಮ ಎದ್ದು ನಿಂತಳು. ಪಕ್ಕಕ್ಕೆ ನೋಡಬಾರದು ಅಂದುಕೊಂಡೇ ನೋಡಿದಳು. ಮುಸರ್ರತ್ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

"ನಾನೇ ಹೇಳಿ ಬರೆಸಿದ್ದು ಸಾರ್," ಅಂದುಬಿಟ್ಟಳು ಲಕ್ಷ್ಮೀನರಸಮ್ಮ. "ಇವರದ್ದೇನೂ ತಪ್ಪಿಲ್ಲ. ಲೆಟರ್ ನಂಗೇ ಕೊಡಿ."

ರಮೇಶ್‌ಬಾಬು ಕಾಗದಗಳನ್ನು ಒಟ್ಟುಮಾಡಿದ. "ಹಂಗಾದ್ರೆ ಸೂಜಿ ರೂಮಿಗೆ ಹೊರಗಿನವರನ್ನೇ ನೋಡ್ತೀನಿ. ನೀವು ನಾಳೆ ಮಂಚೇನಹಳ್ಳಿಗೆ ಹೋಗಿ. ಮೂರು ಜನ ಬಂದಿಲ್ಲ."

ಮುರಳಿಮೋಹನ್ ಮೇಷ್ಟ್ರು ಆಕೆಯ ಕಾಗದ ಈಸಿಕೊಂಡು, ಗೀಚಿದ ಆ ಟಿಕ್ಕನ್ನೇ ನೋಡುತ್ತಾ ಕೇಳಿದರು: "ಎಷ್ಟು ವರ್ಷದಿಂದ ಹಿಂಗೆ, ತಾಯಿ?"

"ಯಾರಿಗ್ಗೊತ್ತು ಸಾರ್," ಅಂದಳು ಆಕೆ. "ಒಳಗಿರೋ ಆ ಮರುಗೋರ ಯಜಮಾನಿಕೇನ ಬೇರೆಯವರಿಗೆ ಬಿಟ್ಟುಕೊಡೋಕಾಗಲ್ವಾ?"

"ಮಿಕ್ಕವರನ್ನ ಸ್ವಲ್ಪ ಬೆಳೆಸಬಹುದು. ಯಜಮಾನರು ಮಾತ್ರ ಅವರೇ."

ಹೊರಗೆ ಹೆಬ್ಬಾಗಿಲ ಹತ್ತಿರ ಮುಸರ್ರತ್ ಓಡಿಬಂದು ಕೈ ಹಿಡಿದಳು. ಲಕ್ಷ್ಮೀನರಸಮ್ಮ ಕೈ ಕಿತ್ತುಕೊಂಡಳು.

"ಎರಡು ದಿನ ನನ್ನ ಕಣ್ಮುಂದೆ ಬರಬೇಡ ಕಣೇ! ನಿನ್ನ ತಲೆ ಎಲ್ಲೋಗಿತ್ತು? ಆ ಕುರ್ಚಿಗೋಸ್ಕರ ವಾರದಿಂದ ನಿದ್ದೆ ಮಾಡಿಲ್ಲ ನಾನು!"

ಒಂಬತ್ತು ವರ್ಷದಲ್ಲಿ ಆಕೆ ಯಾರಿಗೂ ಹೀಗೆ ಬೈದಿರಲಿಲ್ಲ. ಬೈದಾಗ ಎದೆ ಸ್ವಲ್ಪ ಹಗುರಾಯಿತು ಕೂಡ. ಅಷ್ಟರಲ್ಲಿ ಮುಸರ್ರತ್‌ಳ ತುಟಿ ನಡುಗಿತು. ಬಿಸಿಲಿನಲ್ಲಿ, ಅಷ್ಟು ಜನರ ನಡುವೆ, ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಲಕ್ಷ್ಮೀನರಸಮ್ಮ ನಾಲ್ಕು ಹೆಜ್ಜೆ ಮುಂದೆ ಹೋದಳು. ನಿಂತಳು. ಬಸ್ಸು ಬರುವುದು ಕಾಣುತ್ತಿತ್ತು.

"ಸಾಕು ಬಾರಮ್ಮ," ಅಂದಳು ವಾಪಸ್ಸು ಬಂದು, ಸೆರಗಿನಿಂದ ಅವಳ ಮುಖ ಒರೆಸುತ್ತಾ. "ಬೆಳಗ್ಗೆಯಿಂದ ಏನಾದ್ರೂ ತಿಂದಿದೀಯಾ, ಇಲ್ವಾ?"